ಮೊಂಡ ಮನೆಯಲ್ಲಿ ಸುಳ್ಳು ಹೇಳುವುದಿಲ್ಲ

ನನ್ನ ಪೆದ್ದು ತಮ್ಮನಿಗೆ,

ಅಕ್ಕನ ಕಾಗದ ಅಂದರೆ ಬುದ್ಧಿವಾದ ಅಂದುಕೊಂಡು ಮಡಚಿಡಬೇಡ, ಪೂರ್ತಿ ಓದು. ಫೋನಿನಲ್ಲಿ ನೀನು ನನ್ನನ್ನು ನಗಿಸಿ ಮಾತು ಹಾರಿಸಿಬಿಡುತ್ತೀಯ. ಅದಕ್ಕೇ ಬರೆಯಲು ಕೂತೆ.

ಮಾತಾಡುವ ಗೊಂಬೆಯ ಆಟ ಅಂದರೆ ಆಗ ಜನ ಹೇಗೆ ಮುಗಿಬೀಳುತ್ತಿದ್ದರು, ನೆನಪಿದೆಯಾ? ಶಾಲೆಯ ವಾರ್ಷಿಕೋತ್ಸವ, ಕಾರ್ಖಾನೆಯ ನೌಕರರ ಸಂಜೆ, ಆಸ್ಪತ್ರೆಯ ಮಕ್ಕಳ ವಾರ್ಡು, ಎಲ್ಲ ಕಡೆಯೂ ಅಪ್ಪನಿಗೆ ಕರೆ ಬರುತ್ತಿತ್ತು. ಟೀವಿಯಲ್ಲಿ ಯಾವನಾದರೂ ಗೊಂಬೆ ಹಿಡಿದು ಬಂದರೆ ಸಾಕು, ಅಪ್ಪ ಊಟದ ತಟ್ಟೆ ಹಿಡಿದುಕೊಂಡೇ ಎದ್ದು ಹೋಗಿ ಅವನ ತುಟಿಯನ್ನೇ ನೋಡುತ್ತಿದ್ದರು. ತುಟಿ ಒಂಚೂರು ಅಲ್ಲಾಡಿತೋ, ಅಪ್ಪನಿಗೆ ಹಬ್ಬ. ಅವರ ತುಟಿ ಮಾತ್ರ ಅಲ್ಲಾಡುತ್ತಿರಲಿಲ್ಲ. ಪ, ಬ, ಮ ಅನ್ನುವ ಅಕ್ಷರಗಳನ್ನು ತುಟಿ ಸೇರಿಸದೆ ಆಡಬೇಕೆಂದು ಹಲ್ಲಿನ ನಡುವೆ ಪೆನ್ಸಿಲ್ ಕಚ್ಚಿಕೊಂಡು ಕನ್ನಡಿಯ ಮುಂದೆ ನಿಲ್ಲುತ್ತಿದ್ದರಲ್ಲ! ಅಪ್ಪನ ಮೊಣಕಾಲ ಮೇಲೆ ಕೂತ ನಮ್ಮ ಗೊಂಬೆ ಮೊಂಡ, ಮುಂದಿನ ಸಾಲಿನಲ್ಲಿದ್ದ, ಅಪ್ಪ ದುಡಿಯುತ್ತಿದ್ದ ಕಾರ್ಖಾನೆಯ ಮ್ಯಾನೇಜರನ ಬೊಕ್ಕತಲೆಯನ್ನು ಆಡಿಕೊಂಡರೆ ಮ್ಯಾನೇಜರನೇ ಮೊದಲು ನಗುತ್ತಿದ್ದ. ಅದೇ ಮಾತನ್ನು ಅಪ್ಪ ಆಡಿದ್ದರೆ ಮರುದಿನ ಅವರಿಗೆ ಕೆಲಸ ಇರುತ್ತಿರಲಿಲ್ಲ. ನೀನೋ, ಆ ಮರದ ಮುಸುಡಿಯನ್ನು ಪಕ್ಕದಲ್ಲಿ ಮಲಗಿಸಿಕೊಳ್ಳದೆ ಕಣ್ಣು ಮುಚ್ಚುತ್ತಿರಲಿಲ್ಲ.

ಆದರೆ ಮನೆಯೊಳಗಿನ ಮೊಂಡನೇ ಬೇರೆ. ಹೇಳಲಾಗದ್ದನ್ನೆಲ್ಲ ಅಪ್ಪ ಅವನ ಬಾಯಲ್ಲಿ ಹೇಳಿಸುತ್ತಿದ್ದರು. ಕೆಲಸ ಹೋದದ್ದನ್ನು ಹೇಳಿದವನು ಮೊಂಡ. ಅಜ್ಜಿ ತೀರಿಹೋದದ್ದನ್ನು ಹೇಳಿದವನೂ ಅವನೇ. ಅಪ್ಪ ತಮ್ಮ ದನಿಯಲ್ಲಿ ಎಷ್ಟೋ ಸುಳ್ಳು ಹೇಳಿದ್ದಾರೆ, ಆದರೆ ಮನೆಯಲ್ಲಿ ಮೊಂಡ ಒಂದು ದಿನವೂ ಸುಳ್ಳಾಡಲಿಲ್ಲ. ಆಟವಿಲ್ಲದ ದಿನ ಅಪ್ಪ ಮೊಂಡನ ಪೆಟ್ಟಿಗೆ ತೆರೆದರೆ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದಾಗ ಒಂದು ಮಧ್ಯಾಹ್ನ ಅಪ್ಪ ಮೊಂಡನನ್ನು ಎತ್ತಿಕೊಂಡು ಬಂದು ನಮ್ಮೆದುರು ಕೂತರು. "ಮಕ್ಕಳೇ, ಅಮ್ಮ ಇನ್ನು ಮನೆಗೆ ಬರಲ್ಲ" ಅಂದ ಮೊಂಡ. ನೀನು ಚಪ್ಪಾಳೆ ತಟ್ಟಿದೆ. ತೀರ ಚಿಕ್ಕವನು, ನಿನಗೇನು ಗೊತ್ತಾಗಬೇಕು? ನಾನು ನಿನ್ನ ಎರಡೂ ಕೈ ಹಿಡಿದುಕೊಂಡೆ.

ಅಪ್ಪನ ನಂತರ ಮೊಂಡ ನಿನ್ನ ಮೊಣಕಾಲೇರಿದ. ಈಗ ನಿನ್ನ ಮೊನ್ನೆಯ ಆಟದ ವಿಷಯಕ್ಕೆ ಬರುತ್ತೇನೆ. ಸಭಾಂಗಣ ಕಿಕ್ಕಿರಿದಿತ್ತು. ನಿನ್ನ ಹೆಂಡತಿ ನನ್ನ ಪಕ್ಕದಲ್ಲಿದ್ದಳು, ನಿನ್ನ ಮಗಳು ನನ್ನ ತೊಡೆಯ ಮೇಲೆ. ಮೊಂಡ ಎಂದಿನ ಹಾಗೆ ಎಲ್ಲರ ಕಾಲೆಳೆಯುತ್ತಿದ್ದವನು ಇದ್ದಕ್ಕಿದ್ದಂತೆ ನಿನ್ನ ಕಡೆ ತಿರುಗಿದ. "ಇವನ ಗಂಟಲಲ್ಲಿ ಒಂದು ಗಂಟಿದೆ, ಗೊತ್ತಾ? ಕೊಯ್ದು ತೆಗೆದ್ರೆ ದನಿ ಹೋಗುತ್ತಂತೆ. ತೆಗೀದಿದ್ರೆ ಇವನೇ ಹೋಗ್ತಾನಂತೆ. ಡಾಕ್ಟ್ರು ಹಾಗಂದ ತಕ್ಷಣ ಇವನು ಓಡಿ ಬಂದ್ಬಿಟ್ಟ!" ಅಂದ. ಜನರ ಮುಂದೆ ಏನೇನೋ ಒದರಬೇಡವೆಂದು ನೀನು ಅವನನ್ನು ಗದರಿದೆ. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಿನ್ನ ಹೆಂಡತಿ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೊಬ್ಬಳೇ ನಗಲಿಲ್ಲ. ತೊಡೆಯ ಮೇಲಿದ್ದ ನಿನ್ನ ಮಗಳು ಚಪ್ಪಾಳೆ ತಟ್ಟುತ್ತಿದ್ದಳು.

ಅದು ವೇದಿಕೆ, ಅಲ್ಲಿ ಮೊಂಡ ಬಾಯಿಗೆ ಬಂದದ್ದು ಆಡುತ್ತಾನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮನಸ್ಸು ಕೇಳಲಿಲ್ಲ. ಹೆಂಡತಿಯ ಮುಖ ನೋಡಿ ಹೇಳುವ ಧೈರ್ಯ ಸಾಲದೆ ನೀನು ತುಂಬಿದ ಸಭೆಯಲ್ಲಿ ಹೇಳಿಸಿದ್ದೀಯ ಅನ್ನಿಸಿತು. ನಿನ್ನೆ ಫೋನ್ ಮಾಡಿದಾಗ ನೀನು ಎಷ್ಟು ಲವಲವಿಕೆಯಿಂದ ಮಾತಾಡಿದೆ! ಅದು ಬರೀ ತಮಾಷೆಯಂತೆ, ಡಾಕ್ಟರು ನೋಡಿ ಏನೂ ಇಲ್ಲ ಅಂದರಂತೆ, ಬಿಸಿನೀರು ಕುಡಿದರೆ ಸಾಕಂತೆ. ಎಲ್ಲ ಕೇಳಿಸಿಕೊಂಡು ನಾನು ಒಂದೇ ಮಾತು ಅಂದೆ: "ಮೊಂಡನ ಕೈಗೆ ಫೋನ್ ಕೊಡು."

ಬೇಡ ಅನ್ನು, ಬೈದು ಫೋನ್ ಇಟ್ಟುಬಿಡು ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಆಮೇಲೆ ಆ ದನಿ ಬಂತು. "ಅಕ್ಕಾ, ಇವನು ಹೇಳಿದ್ದೆಲ್ಲ ಸುಳ್ಳು. ಇವನಿಗೆ ತುಂಬಾ ಭಯ..." ಅಪ್ಪನ ಕಾಲದಿಂದ ಒಂದೇ ಸಮ ಇದ್ದ ದನಿ ಅದು, ಪುಂಡ ಹುಡುಗನ ಎಳೆಯ ದನಿ. ನಿನ್ನೆ ಅದು ಒಡೆದಿತ್ತು ಕಣೋ. ಮುಂದಿನ ಮಾತು ಹೊರಡಲೇ ಇಲ್ಲ, ಬರೀ ಉಸಿರು ಕೇಳಿಸಿತು.

ದನಿ ಹೋದರೆ ಹೊಟ್ಟೆಪಾಡೇನು ಎಂದು ನೀನು ಕೇಳುತ್ತೀಯ. ಹೇಗೋ ಆಗುತ್ತದೆ, ನಾನಿನ್ನೂ ಸತ್ತಿಲ್ಲ. ಆದರೆ ನೀನು ಹೀಗೇ ದಿನ ತಳ್ಳಿ, ಆಗಬಾರದ್ದು ಆಗಿಹೋದರೆ ಯೋಚಿಸು. ನಿನ್ನ ಮಗಳ ಎದುರು ಕೂತು, ಅಪ್ಪ ಇನ್ನು ಮನೆಗೆ ಬರಲ್ಲ ಎಂದು ಹೇಳುವವರು ಯಾರು? ಮೊಂಡನಿಗೆ ಆಗ ದನಿ ಇರುವುದಿಲ್ಲ. ಹೇಳಬೇಕಾದವಳು ನಾನು. ನನ್ನ ಕೈಲಾಗುವುದಿಲ್ಲ, ಆ ಕೆಲಸ ನನಗೆ ಬಿಟ್ಟು ಹೋಗಬೇಡ.

ಸೋಮವಾರ ಬೆಳಿಗ್ಗೆ ಬರುತ್ತೇನೆ, ನೀನು, ನಿನ್ನ ಹೆಂಡತಿ, ನಾನು ಮೂವರೂ ಆಸ್ಪತ್ರೆಗೆ ಹೋಗೋಣ. ಅಷ್ಟರೊಳಗೆ ಹೆಂಡತಿಯನ್ನು ಎದುರು ಕೂರಿಸಿಕೊಂಡು ನಿನ್ನ ಬಾಯಿಂದಲೇ ಎಲ್ಲ ಹೇಳು. ಪೆಟ್ಟಿಗೆ ಮುಚ್ಚಿರಲಿ.

ದನಿ ಹೋದರೆ ಹೋಗಲಿ, ನೀನು ನೂರು ವರ್ಷ ಬಾಳು.

ನಿನ್ನ ದಾರಿ ಕಾಯುವ,
ಅಕ್ಕ