ಎರಡು ಪದರಿನ ಕುಂಚಿಗೆ

ಅವ್ವಾ,

ನಿನ್ನ ಕನ್ನಡಕ ಇನ್ನೂ ಹೊಲಿಗೆಯ ಡಬ್ಬಿಯಲ್ಲೇ ಇದೆ. ಇದನ್ನು ಹೇಗೆ ಓದುತ್ತೀಯೋ ಏನೋ.

ಎಷ್ಟೋ ವರ್ಷ ಕಾದ ಮೇಲೆ, ಹುಬ್ಬಳ್ಳಿಯ ಚಿಕಿತ್ಸೆ ಫಲಿಸಿ ನಿನ್ನ ಸೊಸೆ ಗಿರಿಜಾಳ ಸ್ಕ್ಯಾನಿನಲ್ಲಿ ನಾಲ್ಕು ಜೀವ ಕಂಡ ದಿನ ನೆನಪಿದೆಯೇ? "ಕುಬಸ ಆಗೂತನಾ ಬಾಯಿ ಮುಚ್ಚಿಕೊಂಡಿರಪಾ" ಎಂದಿದ್ದೆ ನೀನು. ಸೈಕಲ್ ಮೇಲೆ ಸೀರೆಗಂಟು ಹೊತ್ತು, ಬರೀ ಮಾತಿನ ಮೇಲೆ ಬೆಟಗೇರಿಯಲ್ಲಿ ಅಂಗಡಿ ತೆರೆದ ಬಾಯಿ ಇದು, ಎಲ್ಲಿ ಮುಚ್ಚೀತು? ಸಂಜೆಯೊಳಗೆ ಶಿಗ್ಲಿಯಿಂದ ಡಂಬಳದವರೆಗೆ ಪೇಡೆ ಹಂಚಿಸಿದೆ. ನೀನೂ ಸೋತು, ಕೂಸುಗಳ ತಲೆ-ಬೆನ್ನು ಮುಚ್ಚಲು ನಾಲ್ಕು ಕುಂಚಿಗೆ ಹೊಲಿಯಲು ಕೂತೆ.

ಮುಂದಿನ ಸಲ ಡಾಕ್ಟರಮ್ಮ ಬಾಗಿಲು ಹಾಕಿ ಹೇಳಿದರು: "ನಾಲ್ಕೂ ಉಳಿಸಾಕ ಹೋದ್ರ ತೀರಾ ಎಳೀವು ಹುಟ್ಟತಾವ್ರಿ, ಒಂದೂ ದಕ್ಕದಿರಬಹುದು. ತಾಯಿ ಜೀವಕ್ಕೂ ಅಪಾಯ ಐತಿ. ಎರಡು ಈಗ ನಿಲ್ಲಿಸಿದ್ರ ಉಳಿದೆರಡಕ್ಕ ದಾರಿ ಆಗತೈತಿ." ನಾನೋ, ಗಿರಾಕಿಯೊಡನೆ ಕೊಸರಾಡುವ ಹಾಗೆ, "ಮೂರಕ್ಕರ ಒಪ್ಪರಿ ಮೇಡಂ" ಎಂದುಬಿಟ್ಟೆ. ಆ ಮಾತು ಈಗ ನೆನೆದರೆ...

ಗಿರಿಜಾಳ ಕೈ ಹಿಡಿದವಳು ನೀನು. "ನಿನ್ನ ಜೀವ ಮೊದಲ. ಹೂಂ ಅನ್ನು. ಯಾರರ ಕೇಳಿದ್ರ ಅತ್ತಿ ಹೇಳಿದ್ಲು ಅನ್ನು." ಅವಳು ತಲೆಯಾಡಿಸಿದಳು. ನಾವಿಬ್ಬರೂ ಸಹಿ ಮಾಡಿದೆವು.

ಕುಬಸದ ದಿನ ನಿನ್ನ ತಂಗಿ, ಶಿರಹಟ್ಟಿಯ ಚಿಗವ್ವ, ಸೀಮಂತಕ್ಕೆ ಬಂದ ಎಲ್ಲರೆದುರು ಮಾತೆತ್ತಿದಳಲ್ಲ? "ನಾಲ್ಕು ಅಂತ ಪೇಡೆ ತಿನಿಸಿದ್ರಿ. ಇನ್ನೆರಡು ಎಲ್ಲಿ ಹೋದುವಕ್ಕಾ?"

"ನಾನ ಬ್ಯಾಡ ಅಂದೆ."

"ಎಂಥ ಅಜ್ಜಿ ಆಗ್ತೀಯವಾ ನೀ!"

ದಿನವಿಡೀ ಸೀರೆ ಹೊಗಳುವ ಬಾಯಿ ಹೊತ್ತ ನಾನು ಪಂಕ್ತಿಗೆ ಎಲೆ ಹಾಕಲು ಎದ್ದುಹೋದೆ. ನಿಜ ಮುಂದೆ ಎಂದಾದರೂ ಹೇಳಿದರಾಯಿತು ಅಂದುಕೊಂಡೆ. ನೀನು ಆ ತಿಂಗಳೇ ಎದೆನೋವೆಂದು ಮಲಗಿದವಳು ಮತ್ತೆ ಏಳಲಿಲ್ಲ.

ಹುಟ್ಟಿದವು ಅವ್ವಾ, ಎರಡೂ. ಹೆಣ್ಣೊಂದು, ಗಂಡೊಂದು. ತುಸು ಅವಸರ ಮಾಡಿದ್ದಕ್ಕೆ ಕೆಲವು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದವು. ಮನೆಗೆ ತಂದ ದಿನ ನಿನ್ನ ಡಬ್ಬಿ ತೆರೆದರೆ ಇದ್ದದ್ದು ಎರಡೇ ಕುಂಚಿಗೆ. ದಪ್ಪವೆನಿಸಿ ಗಿರಿಜಾ ಅಂಚು ಮಗುಚಿದಳು. ಒಂದೊಂದರೊಳಗೆ ಇನ್ನೊಂದನ್ನು ಇಟ್ಟು ಹೊಲಿದಿದ್ದೆ ನೀನು. ಯಾವಾಗ ಹೊಲಿದೆ? ಆಗ ನಮ್ಮನ್ನೇಕೆ ಜೊತೆಗೆ ಕೂರಿಸಿಕೊಳ್ಳಲಿಲ್ಲ?

ನಿನ್ನೆ ತೊಟ್ಟಿಲಿಗೆ ಹಾಕಿದೆವು. ಕುಂಚಿಗೆ ಕಟ್ಟುವಾಗ ಚಿಗವ್ವ ಮತ್ತೆ ಶುರುಮಾಡಿದಳು: "ನಿಮ್ಮವ್ವ ಅವತ್ತ ಬ್ಯಾಡ ಅನ್ನದಿದ್ರ..."

ತೊಟ್ಟಿಲ ಹಗ್ಗ ಬಿಟ್ಟು ಎದ್ದೆ. "ಚಿಗವ್ವಾ, ಸಹಿ ನಮ್ಮಿಬ್ಬರದು. ನಮ್ಮವ್ವ ಬೈಗಳಾ ಅಷ್ಟ ತನ್ನ ಮ್ಯಾಲ ತಗೊಂಡ್ಲು."

ಮನೆ ತುಂಬ ಜನವಿತ್ತು. ಎಲ್ಲರೂ ಕೇಳಿಸಿಕೊಂಡರು, ನಿನ್ನೊಬ್ಬಳನ್ನು ಬಿಟ್ಟು.