ಕಡಲಿನ ಕುರಿ

ಊರು: ನಾರ್ವ

ಝಾನ್ಸಿಯ ಅಪ್ಪಾರಿಗೆ,

ಫೋನಿನ್ಯಾಗ ಮಾತಾಡಬೇಕಂದ್ರ ನಿಮ್ಮವ್ವ ಪಕ್ಕದಾಗೇ ಬಂದು ಕುಂದರ್ತಾಳ. ಅದಕ ಈ ಪತ್ರ ಬರದು, ನಿಮ್ಮ ಕೇಪ್‌ಟೌನಿಗೇ ಕೆಲಸಕ್ಕ ಹೊಂಟಿರೋ ಕೋಸಗಿಯ ಆಂಜನೇಯುಲು ಕೈಯಾಗ ಕೊಟ್ಟೀನಿ.

ನೀವು ಸಮುದ್ರದಾಗ ಮುಳುಗಿ ತೆಗೆದ ಫೋಟೋ ಎಲ್ಲಾ ನೋಡೀವಿ. ಕಲ್ಲಿನ ಬಣ್ಣಾನೇ ತಾಳಿ ಕಲ್ಲಿಗೆ ಅಂಟಿ ಕುಂತ ಆಕ್ಟೋಪಸ್ಸು ಝಾನ್ಸಿಗೆ ಬಾಳ ಸೇರೈತಿ. ಮರದಷ್ಟು ಎತ್ತರದ ಪಾಚಿ ನಡುವ ಈಜೋ ಕರೇ ಸೀಲ್ ಪ್ರಾಣಿ ನೋಡಿ ನಿಮ್ಮವ್ವ, “ಉಣ್ಣೆ ಕತ್ತರಿಸೋ ಮುಂಚೆ ಕೃಷ್ಣಾದಾಗ ಮೈ ತೊಳೆದ ನಮ್ಮ ಕುರಿ ಇದ್ದಂಗೇ ಐತಲ್ಲ” ಅಂದಳು. ಅಂದು, ಕುರಿಗೆ ಹಚ್ಚಿದಂಗ ಬೀರಪ್ಪನ ಭಂಡಾರ ಫೋನಿಗೇ ಹಚ್ಚಿಬಿಟ್ಟಳು. ಆ ಅರಿಶಿಣ ಒರೆಸೂದ್ರಾಗ ನನಗ ಸಾಕಾತು.

ಕಂಡ ಜೀವದ್ದೆಲ್ಲಾ ಫೋಟೋ ಕಳಿಸ್ತೀರಿ, ನಿಮ್ಮದೊಂದೂ ಇಲ್ಲ. ಕೇಳಿದ್ರ, ಕ್ಯಾಮೆರಾ ಹಿಡಿದವ ಫೋಟೋದಾಗ ಹೆಂಗ ಬರ್ತಾನ ಅಂತೀರಿ. ಬೋಟಿನ್ಯಾಗ ಯಾರ ಕೈಯಾಗಾದ್ರೂ ಕೊಟ್ಟು ತೆಗೆಸ್ರಿ. ತಲಿ ತೊಯ್ದಿದ್ರೂ ನಡೀತೈತಿ.

ಅಲ್ಲಿ ನೀರು ಕೈಕಾಲು ಮರಗಟ್ಟೋವಷ್ಟು ತಣ್ಣಗ ಐತಿ ಅಂದಿದ್ರಿ. ಮ್ಯಾಲ ಬಂದು ಮೈ ಒರೆಸ್ಕೊಂಡ ಕೂಡ್ಲೇ ಹೊದ್ಕೊಳ್ಳಾಕ ಕಂಬಳಿ ಕಳಿಸೀನಿ, ನಮ್ಮ ಕುರಿ ಉಣ್ಣೆದೇ. ಹೊಸಾದು ಅಂತ ನಿಮ್ಮವ್ವಗ ಹೇಳೀನಿ. ಹೊಸಾದಲ್ಲರಿ. ಸಂಕ್ರಾಂತಿಯಿಂದ ದಿನಾ ನಾನೇ ಹೊದ್ದು ಮಲಗೀನಿ.

ಅದಕ್ಕ ಉಪ್ಪುನೀರು ತಾಕಿಸಬ್ಯಾಡ್ರಿ. ತೊಳೀಲೂಬ್ಯಾಡ್ರಿ.

ಇಂತಿ,
ಝಾನ್ಸಿಯ ಅವ್ವ