ಗುಂಡಿಯ ಎದುರಿನ ಮನೆ

ಬ್ರೆಡ್‌ವಾರ್ಟನ್
ಮಾರ್ಚ್ ೧೭, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಈಗ ಹೇಗಿದೆ? ಹೊಸ ವರ್ಷದ ಪತ್ರದಲ್ಲಿ ಅದರ ಬಗ್ಗೆ ಒಂದೇ ಸಾಲು ಬರೆದಿದ್ದೀಯ, ಅದೂ ಬೇರೆ ಯಾರದೋ ಮಂಡಿಯ ಸುದ್ದಿ ಹೇಳುವವಳ ಹಾಗೆ. ಇಷ್ಟು ವರ್ಷ ಮಠದ ಕಲ್ಲುನೆಲದ ಮೇಲೆ ಮಂಡಿಯೂರಿದ ಮೇಲೆ ನೋಯದೆ ಇರುತ್ತದೆಯೆ? ಮದರ್ ಅವರನ್ನು ಒಂದು ದಪ್ಪ ದಿಂಬು ಕೇಳು. ಸಂಕೋಚವಾದರೆ ನಾನೇ ಅವರಿಗೆ ಬರೆಯುತ್ತೇನೆ, ಸನ್ಯಾಸಿನಿಯ ತಮ್ಮನಿಗೆ ಅಷ್ಟು ಅಧಿಕಾರವಾದರೂ ಇರಬೇಕು. ಕೆಮ್ಮು ಹತ್ತಿದ್ದ ಆ ಅಡುಗೆಯ ಸಿಸ್ಟರ್ ಸುಧಾರಿಸಿಕೊಂಡರೆ? ನಾನು ಚೆನ್ನಾಗಿದ್ದೇನೆ. ಚಳಿಗೆ ಎಡಗಿವಿಯಲ್ಲಿ ಸ್ವಲ್ಪ ಗುಂಯ್ ಎನ್ನುತ್ತದೆ, ಬಲಗಿವಿಯಿಂದ ಕೆಲಸ ನಡೆಯುತ್ತಿದೆ. ಶ್ರುತಿ ತಪ್ಪಿದೆ ಎಂದು ಯಾವ ಪಿಯಾನೊದವರೂ ಇನ್ನೂ ದೂರಿಲ್ಲ.

ವ್ಯಾನ್ ಕೆಟ್ಟಿದೆ ಎಂದಷ್ಟೇ ಹಿಂದಿನ ಪತ್ರದಲ್ಲಿ ಬರೆದಿದ್ದೆ. ಪೂರ್ತಿ ಕಥೆ ಆಗ ನನಗೂ ಗೊತ್ತಿರಲಿಲ್ಲ. ಡಿಸೆಂಬರ್ ಮೊದಲ ವಾರ, ಕ್ರಿಸ್ಮಸ್ ಕಾರ್ಯಕ್ರಮಕ್ಕೆಂದು ಗುಡ್ಡದಾಚೆಯ ಶಾಲೆಯ ಪಿಯಾನೊ ಶ್ರುತಿ ಮಾಡಿಕೊಡಲು ಹೊರಟಿದ್ದೆ. ಸೇಬಿನ ತೋಟಗಳ ನಡುವೆ ಏರಿ ಹೋಗುವ ಆ ಕಿರುದಾರಿ ನಿನಗೆ ನೆನಪಿರಬಹುದು, ಎದುರಿಗೆ ಒಂದು ಟ್ರ್ಯಾಕ್ಟರ್ ಬಂದರೆ ಯಾರಾದರೂ ಒಬ್ಬರು ಹಿಂದೆ ಸರಿಯಲೇಬೇಕು. ಮಳೆ ಬಿದ್ದು ನಿಂತಿತ್ತು. ಮುಂದೆ ಕಂಡದ್ದು ಒಂದು ಸಾಧಾರಣ ನೀರಿನ ಹೊಂಡ, ನೋಡಿದರೆ ಒಂದು ಬಾತುಕೋಳಿ ಮುಳುಗುವಷ್ಟೂ ಇಲ್ಲ. ಅದರ ಮೇಲೆ ಹೋದೆ. ಮುಂದಿನ ಎಡಗಾಲಿ ಒಳಗಿಳಿದು ಕಬ್ಬಿಣ ಮುರಿದ ಸದ್ದು ಬಂತು. ಹಿಂದಿನ ಪೆಟ್ಟಿಗೆಯಲ್ಲಿದ್ದ ಸಲಕರಣೆಗಳೆಲ್ಲ ಚೆಲ್ಲಿದವು. ಟೈರು ಹರಿದಿತ್ತು, ಚಕ್ರ ಸೊಟ್ಟಗಾಗಿತ್ತು, ಒಳಗೆ ಸ್ಪ್ರಿಂಗ್ ತುಂಡಾಗಿತ್ತು. ಕೆಳಗಿಳಿದು ರಸ್ತೆಯ ಮಧ್ಯೆ ಒದ್ದೆಯಾಗಿ ನಿಂತೆ. ಯಾರಿಗೆ ಫೋನ್ ಮಾಡಲಿ ಎಂದು ಯೋಚಿಸಿದಾಗ ಹೊಳೆದದ್ದು ಗ್ಯಾರೇಜಿನವನ ಹೆಸರೊಂದೇ.

ಅಷ್ಟರಲ್ಲಿ ಎದುರಿನ ಮನೆಯ ಬಾಗಿಲು ತೆರೆಯಿತು. ಕೊಡೆ ಹಿಡಿದ ಒಬ್ಬ ಹೆಂಗಸು ಗೇಟಿನವರೆಗೆ ಬಂದು, ವ್ಯಾನನ್ನೂ ನನ್ನನ್ನೂ ನೋಡಿ, "ಎಡಗಾಲೀನಾ? ಎಲ್ಲಾರ್‍ದೂ ಎಡಗಾಲೀನೇ ಹೋಗೋದು. ಬನ್ನಿ ಒಳಗೆ, ಕೆಟಲ್ ಇಟ್ಟಿದೀನಿ" ಎಂದಳು. ಇವಳೇ ನೆಸ್ಟಾ ಪ್ರಾಸರ್. ಗಂಡ ಇಡ್ರಿಸ್ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ, ಈಗಿಲ್ಲ. ನನಗಿಂತ ಎರಡು ಮೂರು ವರ್ಷ ಚಿಕ್ಕವಳಿರಬಹುದು. ಗ್ಯಾರೇಜಿನವನು ಎಳೆದೊಯ್ಯುವ ಗಾಡಿ ತರುವವರೆಗೆ ಅವಳ ಅಡುಗೆಮನೆಯಲ್ಲಿ ಕೂತಿದ್ದೆ. ಒಣದ್ರಾಕ್ಷಿ ಹಾಕಿದ ಕೇಕು, ಗಟ್ಟಿ ಚಹಾ, ಒಲೆಯ ಬಿಸಿ. ಪಿಯಾನೊ ಕೆಲಸದ ಬಗ್ಗೆ ಅವಳು ಕೇಳಿದ್ದಷ್ಟು ಪ್ರಶ್ನೆಗಳನ್ನು ಯಾರೂ ನನ್ನನ್ನು ಕೇಳಿದ್ದಿಲ್ಲ. "ಈ ಗುಂಡಿ ಪುಣ್ಯದಿಂದ ನಮ್ಮನೆಗೆ ಪಶುವೈದ್ಯರು ಬಂದ್ರು, ಪಾದ್ರಿಗಳು ಬಂದ್ರು, ಮೀನಿನೋನು ಬಂದ. ಸಂಗೀತದೋರು ಒಬ್ರು ಬಾಕಿ ಇದ್ರಿ ನೋಡಿ" ಎಂದು ನಕ್ಕಳು. ಹೊರಡುವಾಗ ನಾನು, ರಸ್ತೆ ನೋಡಿಕೊಳ್ಳುವ ಕೌನ್ಸಿಲ್‌ಗೆ ಯಾರಾದರೂ ತಿಳಿಸಿದ್ದಾರೆಯೇ ಎಂದು ಕೇಳಿದೆ. "ಅದರ ಚಿಂತೆ ಬಿಡಿ, ನಾನ್ ಫೋನ್ ಮಾಡ್ತೀನಿ. ಎಲ್ಲಾರ್‍ಗೂ ನಾನೇ ಮಾಡೋದು" ಎಂದಳು. ಆ ಮಾತು ನೆನಪಿಟ್ಟುಕೋ.

ಗ್ಯಾರೇಜಿನ ಡೆಸ್ಮಂಡ್ ವ್ಯಾನಿನ ಕೆಳಗಿಂದ ತೆವಳಿ ಹೊರಬಂದು, "ಕೌನ್ಸಿಲ್‌ನೋರ ಹತ್ರ ಪರಿಹಾರ ಕೇಳ್ತೀರಾ? ಕೇಳಿ ಕೇಳಿ. ನಿಮ್ಮ ಪಿಯಾನೊಗೆ ರೆಕ್ಕೆ ಬರೋ ಹೊತ್ಗೆ ಕೊಡ್ತಾರೆ" ಎಂದ. ಆದರೂ ಕೇಳಿದೆ. ಹಟದಿಂದಲ್ಲ, ಬೇರೆ ದಾರಿ ಇರಲಿಲ್ಲ. ಬೇಕಾದ ಭಾಗ ಸಿಗದೆ ವ್ಯಾನ್ ಅಲ್ಲೇ ಕೂತಿತು, ನಾನು ಅಂಗಡಿಯ ಮೇಲಿನ ನನ್ನ ಕೋಣೆಯಲ್ಲಿ ಕೂತೆ. ಕ್ರಿಸ್ಮಸ್‌ಗೆ ಮೊದಲಿನ ಆ ವಾರಗಳೇ ನನಗೆ ವರ್ಷದ ಸುಗ್ಗಿ. ಶಾಲೆಯವರು, ಚರ್ಚಿನವರು, ಹೋಟೆಲಿನವರು ಒಬ್ಬೊಬ್ಬರಾಗಿ ಬೇರೆಯವನನ್ನು ಹುಡುಕಿಕೊಂಡರು. ಯಾರೂ ಗದರಲಿಲ್ಲ, "ಪರವಾಗಿಲ್ಲ ಬಿಡಿ" ಎಂದರು. ಗದರಿದ್ದರೆ ಒಳ್ಳೆಯದಿತ್ತು. ಮನೆಮನೆ ಸುತ್ತುವ ಕೆಲಸ ನಿಂತ ಮೇಲೆ ನನಗೆ ತಿಳಿದದ್ದು ಇದು: ದಿನವಿಡೀ ನಾನು ಆಡುವ ಮಾತೆಲ್ಲ ಗಿರಾಕಿಗಳ ಜೊತೆ ಆಡುವ ಮಾತೇ. ಅದಿಲ್ಲದಿದ್ದರೆ ಸಂಜೆಯ ಹೊತ್ತಿಗೆ ಗಂಟಲು ಕಟ್ಟಿರುತ್ತದೆ, ಮಾತಾಡಿ ಅಲ್ಲ, ಆಡದೆ.

ಅರ್ಜಿಯ ಜೊತೆ ಗುಂಡಿಯ ಫೋಟೊ ಕೇಳಿದರು. ಬಸ್ಸಿಳಿದು ಬಹಳ ದೂರ ನಡೆದು ಹೋಗಿ, ಅಳತೆಗಿರಲಿ ಎಂದು ಗುಂಡಿಯ ಪಕ್ಕ ತಂತಿ ಬಿಗಿಸುವ ನನ್ನ ಶ್ರುತಿಕೋಲನ್ನಿಟ್ಟು ತೆಗೆದೆ. ಕಚೇರಿಯ ಹುಡುಗಿ ಫೋನಿನಲ್ಲಿ, "ಸರ್, ಆ ಕಬ್ಬಿಣದ್ದು ಎಷ್ಟುದ್ದ ಅಂತ ನಮಗ್ ಹೇಗ್ ಗೊತ್ತಾಗ್ಬೇಕು? ಸ್ಕೇಲ್ ಇಟ್ಟು ತೆಗೀರಿ" ಎಂದಳು. ಮತ್ತೆ ಹೋದೆ. ಎರಡು ಸಲವೂ ನೆಸ್ಟಾ ಕಿಟಕಿಯಿಂದ ನೋಡಿ ಕರೆದಳು, ಎರಡು ಸಲವೂ ಕತ್ತಲಾಗುವವರೆಗೆ ಕೂತೆ.

ಜನವರಿ ಕೊನೆಯಲ್ಲಿ ಉತ್ತರ ಬಂತು. ಅಕ್ಟೋಬರ್‌ನಲ್ಲಿ ತಮ್ಮ ತಪಾಸಣೆಯವರು ಆ ರಸ್ತೆ ನೋಡಿದಾಗ ಗುಂಡಿ ಇರಲಿಲ್ಲವಂತೆ, ಆಮೇಲೆ ಯಾರೊಬ್ಬರೂ ದೂರು ಕೊಟ್ಟಿಲ್ಲವಂತೆ. ತಿಳಿಯದ ಗುಂಡಿಗೆ ಕಾನೂನಿನ ಪ್ರಕಾರ ತಾವು ಹೊಣೆಯಲ್ಲ, ವಿಷಾದಿಸುತ್ತೇವೆ, ಇತಿ. ಯಾರೊಬ್ಬರೂ ಎಂಬ ಮಾತು ಓದಿ ನನಗೆ ನಗು ಬಂತು. ನೆಸ್ಟಾ ಎಷ್ಟು ಜನರಿಗಾಗಿ ಫೋನ್ ಮಾಡಿರಬೇಕು, ಕಚೇರಿಯವರು ಎಲ್ಲವನ್ನೂ ನುಂಗಿ ಕೂತಿದ್ದಾರೆ, ಅವಳೊಂದು ಸಾಕ್ಷಿ ಬರೆದುಕೊಟ್ಟರೆ ಮುಗಿಯಿತು ಎಂದುಕೊಂಡೆ. ವ್ಯಾನ್ ಆ ವಾರವಷ್ಟೇ ಸಾಲದ ಮೇಲೆ ಕೈಗೆ ಬಂದಿತ್ತು. ಅದನ್ನೇರಿ ಹೋದೆ.

ಗುಂಡಿಯ ಪಕ್ಕದಲ್ಲಿ ಒಂದು ಅಡುಗೆಮನೆ ಕುರ್ಚಿ ನಿಂತಿತ್ತು, ಅದರ ಬೆನ್ನಿಗೆ ಕೆಂಪು ಬಟ್ಟೆ ಕಟ್ಟಿತ್ತು. ಒಳಗೆ ನೆಸ್ಟಾ ಎಂದಿನಂತಿರಲಿಲ್ಲ. ಕೇಕು ಹೊರಗೆ ಬರಲಿಲ್ಲ. ಮನೆಮನೆಗೆ ಹೋಗುವ ನರ್ಸ್ ಒಬ್ಬಳು ಹಿಂದಿನ ವಾರ ಸ್ಕೂಟರ್ ಸಮೇತ ಆ ಗುಂಡಿಗೆ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು, ಆಂಬ್ಯುಲೆನ್ಸ್ ಬರುವವರೆಗೆ ಇವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ನಾನು ಕೌನ್ಸಿಲ್‌ನ ಉತ್ತರವನ್ನು ಮೇಜಿನ ಮೇಲಿಟ್ಟು, ನೀವು ಯಾವ ಯಾವಾಗ ಫೋನ್ ಮಾಡಿದಿರಿ ಎಂದು ಕೇಳಿದೆ. ಅವಳು ಕಾಗದವನ್ನು ಮುಟ್ಟಲಿಲ್ಲ. "ಮಾಡ್ಲಿಲ್ಲ" ಎಂದಳು. ನನಗೆ ಅರ್ಥವಾಗಲಿಲ್ಲ. "ಒಂದ್ಸಲಾನೂ ಮಾಡ್ಲಿಲ್ಲ, ಆಲ್ವಿನ್. ಸೇಬಿನ ಲಾರಿಗಳು ಓಡಾಡಿ ಸೆಪ್ಟೆಂಬರ್‌ನಲ್ಲೇ ಬಿದ್ದ ಗುಂಡಿ ಅದು. ಮೊದ್ಲು ಪಶುವೈದ್ಯರ ಕಾರು ಬಿತ್ತು. ಅವ್ರು ಆ ಕುರ್ಚೀಲಿ ಕೂತು ಎರಡ್ ಕಪ್ ಚಹಾ ಕುಡಿದು, ಮಗಳ ಮದುವೆ ವಿಷ್ಯ ಎಲ್ಲಾ ಹೇಳಿದ್ರು. ಅವ್ರು ಹೋದ್ಮೇಲೆ ಫೋನ್ ಕೈಗ್ ತಗೊಂಡೆ, ಇಟ್ಬಿಟ್ಟೆ. ಇಡ್ರಿಸ್ ಹೋದ್ಮೇಲೆ ಈ ರಸ್ತೇಲಿ ಎಲ್ಲಾ ಗಾಡೀನೂ ಹೋಗ್ತಾವೆ, ಒಂದೂ ನಿಲ್ಲಲ್ಲ. ಗುಂಡಿ ಮುಚ್ಚಿದ್ರೆ ಇಲ್ಲಿ ಯಾರ್ ನಿಲ್ತಾರೆ ಹೇಳಿ?"

ಅಕ್ಕಾ, ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ನನ್ನ ಕ್ರಿಸ್ಮಸ್ ದುಡಿಮೆ, ನನ್ನ ಸಾಲ, ಆ ನರ್ಸಿನ ಕೈ ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. "ಯಾರಾದ್ರೂ ಸತ್ತೋಗಿದ್ರೆ?" ಎಂದು ಕೇಳಿದೆ. ಅವಳು, "ಅದೇ ನಾನೂ ಕೇಳ್ಕೊಳ್ತಿರೋದು. ಅದಕ್ಕೇ ಕುರ್ಚಿ ಇಟ್ಟಿರೋದು" ಎಂದಳು. "ಕುರ್ಚಿ ಇಡೋ ಬದ್ಲು ಫೋನ್ ಮಾಡ್ಬಾರ್ದಾ?" ಎಂದೆ. ಸುರಿದಿಟ್ಟ ಚಹಾ ಹಾಗೇ ಬಿಟ್ಟು ಹೊರಟುಬಂದೆ.

ಆ ಸಿಟ್ಟು ಎಷ್ಟು ದಿನ ಉಳಿಯುತ್ತಿತ್ತೋ ಗೊತ್ತಿಲ್ಲ. ಮರುದಿನ ಒಬ್ಬ ನಿವೃತ್ತ ಮೇಷ್ಟರ ಮನೆಯಲ್ಲಿ ಪಿಯಾನೊ ಶ್ರುತಿ ಮುಗಿಸಿದೆ. ಕೆಲಸ ಮುಗಿದಿತ್ತು, ಆದರೂ ಎದ್ದೇಳದೆ ಏನೋ ನುಡಿಸುತ್ತ ಕೂತೆ. ಮೇಷ್ಟರ ಹೆಂಡತಿ ಬಾಗಿಲಲ್ಲಿ ಇಣುಕಿ, "ಇನ್ನೂ ಮುಗಿಲಿಲ್ವಾ? ಹಾಗಿದ್ರೆ ಊಟಕ್ಕೇ ಎದ್ದೇಳಿ" ಎಂದರು. ಇಲ್ಲ, ಇನ್ನೊಂದೆರಡು ತಂತಿ ಇದೆ ಎಂದೆ. ಒಂದು ತಂತಿಯೂ ಬಾಕಿ ಇರಲಿಲ್ಲ. ಅಲ್ಲೇ ಅವರ ಜೊತೆ ಸೂಪು ಕುಡಿಯುವಾಗ ನೆಸ್ಟಾಳ ಮೇಲಿನ ಸಿಟ್ಟು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ. ಅವಳು ಮಾಡಿದ್ದು ಸರಿ ಎಂದಲ್ಲ. ಈಗಲೂ ಸರಿ ಎನ್ನುವುದಿಲ್ಲ.

ನಾನೇ ಹೋಗಬೇಕೆಂದುಕೊಳ್ಳುವಷ್ಟರಲ್ಲಿ ಅವಳದೇ ಫೋನ್ ಬಂತು. "ಬರೆದಿಟ್ಟಿದೀನಿ. ಬಂದು ತಗೊಂಡೋಗಿ. ಒಳಗ್ ಬರೋಕೆ ಇಷ್ಟ ಇಲ್ದಿದ್ರೆ ಗೇಟಿಗೆ ಸಿಕ್ಕಿಸ್ತೀನಿ." ಒಳಗೇ ಹೋದೆ. ಎಲ್ಲವನ್ನೂ ಬರೆದಿದ್ದಳು. ಗುಂಡಿ ಸೆಪ್ಟೆಂಬರ್‌ನಿಂದ ಇದೆ, ಅಕ್ಟೋಬರ್‌ನಲ್ಲಿ ತಪಾಸಣೆಯ ಹಳದಿ ವ್ಯಾನು ಬಂದದ್ದನ್ನು ಕಿಟಕಿಯಿಂದ ಕಣ್ಣಾರೆ ಕಂಡೆ, ಎಲೆ ತುಂಬಿದ್ದ ಗುಂಡಿಯನ್ನು ಬಳಸಿಕೊಂಡು ಹೋಯಿತೇ ಹೊರತು ಯಾರೂ ಕೆಳಗಿಳಿಯಲಿಲ್ಲ, ತಿಳಿಸುತ್ತೇನೆಂದು ಜನರಿಗೆ ಮಾತು ಕೊಟ್ಟು ನಾನು ತಿಳಿಸಲಿಲ್ಲ. ಕೊನೆಯ ಮಾತು ಬೇಡ, ಅದು ಕೌನ್ಸಿಲ್‌ಗೆ ಬೇಕಿಲ್ಲ, ಊರಿಗೆ ಗೊತ್ತಾದರೆ ಸುಮ್ಮನಿರುವುದಿಲ್ಲ ಎಂದೆ. "ಗೊತ್ತಾಗ್ಲಿ. ಬೈಯೋಕಾದ್ರೂ ಬರ್ತಾರಲ್ಲ" ಎಂದಳು. ನಕ್ಕು ಹೇಳಲಿಲ್ಲ. ಪಶುವೈದ್ಯರೂ ತಮ್ಮ ಸೆಪ್ಟೆಂಬರ್‌ನ ಗ್ಯಾರೇಜ್ ರಸೀದಿ ಕೊಟ್ಟರು. ಎಲ್ಲವನ್ನೂ ಸೇರಿಸಿ ಮತ್ತೆ ಕಳಿಸಿದೆ. ಹೋದ ವಾರ ಕೌನ್ಸಿಲ್ ಒಪ್ಪಿಕೊಂಡಿತು. ತಪ್ಪು ತಮ್ಮದೆಂದು ಹೇಳದೆಯೇ ವ್ಯಾನಿನ ಖರ್ಚು ಕೊಟ್ಟಿದ್ದಾರೆ, ಡೆಸ್ಮಂಡ್‌ನ ಸಾಲ ತೀರಿತು. ಕಳೆದುಹೋದ ಕ್ರಿಸ್ಮಸ್ ಕೆಲಸಕ್ಕೆ ಏನೂ ಇಲ್ಲ. ಆ ನರ್ಸಿನ ಅರ್ಜಿಗೂ ನೆಸ್ಟಾ ಸಾಕ್ಷಿ ಬರೆದುಕೊಟ್ಟಿದ್ದಾಳೆ. ಅವಳ ಮನೆಗೆ ಹೋಗಿ ಕ್ಷಮೆ ಕೇಳಿದಳಂತೆ. ನರ್ಸ್ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದಳಂತೆ.

ಗುರುವಾರ ಬಂದು ಗುಂಡಿ ಮುಚ್ಚಿದರು. ನಾನು ಆ ಕಡೆ ಕೆಲಸವಿಲ್ಲದಿದ್ದರೂ ಹೋಗಿದ್ದೆ. ಡಾಂಬರು ಹಾಕಿದವರಿಗೆಲ್ಲ ನೆಸ್ಟಾ ಚಹಾ ಕೊಟ್ಟಳು. ಅವರು ರೋಲರ್ ಹತ್ತಿಸಿಕೊಂಡು ಹೋದ ಮೇಲೆ ನಾವಿಬ್ಬರೂ ಗೇಟಿನ ಬಳಿ ನಿಂತಿದ್ದೆವು. ಒಂದು ಕಾರು ಬಂತು, ಆ ಜಾಗದ ಮೇಲೆ ಸದ್ದಿಲ್ಲದೆ ಹಾದುಹೋಯಿತು. ಅವಳು ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಲೇ ಇದ್ದಳು.

ಮಠದ ಎಲ್ಲರಿಗೂ ನನ್ನ ವಂದನೆ ತಿಳಿಸು. ನಿನ್ನ ಪ್ರಾರ್ಥನೆಯಲ್ಲಿ ನನಗಿರುವ ಜಾಗದ ಪಕ್ಕದಲ್ಲಿ ಇನ್ನೊಬ್ಬಳಿಗೆ ಸ್ವಲ್ಪ ಜಾಗ ಮಾಡು. ಮಂಡಿ ಜೋಪಾನ.

ನಿನ್ನ ತಮ್ಮ,
ಆಲ್ವಿನ್

ತಾ.ಕ. — ಅಂಚೆಗೆ ಹಾಕುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಇದು ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲ, ನಿಮ್ಮ ಪತ್ರಗಳನ್ನೆಲ್ಲ ಈಸ್ಟರ್ ಭಾನುವಾರದಂದೇ ಕೊಡುವುದು ಎಂದು ಗೊತ್ತು. ಆದ್ದರಿಂದ ಇದು ನಿನ್ನ ಕೈ ಸೇರಿದಾಗ ಒಂದೇ ರಾತ್ರಿ ಉಳಿದಿರುತ್ತದೆ. ಈಸ್ಟರ್ ಸೋಮವಾರ ಊಟಕ್ಕೆ ಬನ್ನಿ ಎಂದು ನೆಸ್ಟಾ ಕರೆದಿದ್ದಾಳೆ, ಕುರಿಮಾಂಸ ಮಾಡುತ್ತಾಳಂತೆ. ಆ ದಿನ ನಾನು ಅಕ್ಕನನ್ನು ನೋಡಲು ಹೋಗುವ ದಿನ, ವರ್ಷಕ್ಕೆ ಎರಡು ಸಲ ಮಾತ್ರ ಬಿಡುತ್ತಾರೆ ಎಂದು ಹೇಳಲು ಬಾಯಿ ತೆರೆದೆ. ಬರುತ್ತೇನೆ ಎಂದುಬಿಟ್ಟೆ. ನೀನು ಆ ಮಠ ಸೇರಿದಂದಿನಿಂದ ಒಂದು ಈಸ್ಟರನ್ನೂ ನಾನು ತಪ್ಪಿಸಿಲ್ಲ. ಬೇಜಾರು ಮಾಡಿಕೊಳ್ಳಬೇಡ ಎಂದು ಕೇಳುವುದಿಲ್ಲ, ಮಾಡಿಕೊ. ಆದರೆ ಸೋಮವಾರ ಭೇಟಿಯ ಗಂಟೆ ಹೊಡೆದಾಗ ಜಾಲರಿಯ ಹಿಂದೆ ಆ ತಣ್ಣನೆಯ ಕೋಣೆಯಲ್ಲಿ ಹೋಗಿ ಕೂರಬೇಡ, ಅಕ್ಕಾ. ನಾನು ಬರುವುದಿಲ್ಲ.